ಹಳ್ಳದ ಮರಳಲ್ಲಿ ಬಿಡಾರ ಬೇಡ

ಹೊಳಲ್ಕೆರೆ
4-2-1977, ಶುಕ್ರವಾರ

ಮುದ್ದಿನ ಮಗಳು ಯಲ್ಲಕ್ಕನಿಗೆ,

ನಿನ್ನ ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ಅಳಿಯಂದಿರು ಓಬಯ್ಯನವರಿಗೂ, ಪುಟ್ಟ ಜುಂಜಮ್ಮನಿಗೂ ಅದರಲ್ಲಿ ಪಾಲಿದೆ, ಕಿತ್ತಾಡದೆ ಹಂಚಿಕೊಳ್ಳಿ. ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆದರೆ ನೀನು ನಂಬುವವಳಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ತಾತನ ಕೆಮ್ಮು ಕಡಿಮೆಯಾಗಿದೆ. ನಿಮ್ಮಪ್ಪ ಎಂದಿನಂತೆ ಹೊಸದುರ್ಗದ ಕಚೇರಿಯಿಂದ ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುತ್ತಾರೆ. ನನ್ನ ಮಂಡಿನೋವು ನನ್ನ ಜೊತೆಯಲ್ಲೇ ಇದೆ, ಅದಕ್ಕಿನ್ನೂ ವರ್ಗಾವಣೆಯ ಆರ್ಡರು ಬಂದಿಲ್ಲ.

ನಿನ್ನ ಎಂಟು ಹಾಳೆಯ ಕಾಗದ, ನಕ್ಷೆ, ಫೋಟೊ ಎಲ್ಲ ಸೋಮವಾರ ಕೈ ಸೇರಿದವು. ಮಾರ್ಚಿ ಹನ್ನೆರಡಕ್ಕೆ ಹೊರಟು ಐದು ವಾರ ಊರೂರು ತಿರುಗುತ್ತೀರೆಂದು ಓದಿ ಒಂದು ಗಳಿಗೆ ಕಾಗದ ಮಡಿಸಿ ಕೂತೆ. ಇಪ್ಪತ್ತಾರು ವರ್ಷದಿಂದ ಶಾಲೆಯ ಮಕ್ಕಳಿಗೆ ನೀವಿರುವ ಆಸ್ಟ್ರೇಲಿಯಾದ ಪಾಠ ಮಾಡಿದ್ದೇನೆ. ಅಲ್ಲಿ ಕುರಿ ಇದೆ, ಕಾಂಗರೂ ಇದೆ, ನಡುವೆ ಮರಳುಗಾಡು ಇದೆ ಎಂದು ಹೇಳಿ ಮುಂದಿನ ಖಂಡಕ್ಕೆ ಹಾರಿಬಿಡುತ್ತಿದ್ದೆ. ಆ ಮರಳುಗಾಡಿಗೇ ನನ್ನ ಮಗಳು ಮೂರು ವರ್ಷದ ಕೂಸನ್ನು ಕಟ್ಟಿಕೊಂಡು ಹೊರಡುತ್ತಾಳೆಂದು ಗೊತ್ತಿದ್ದರೆ ಪಾಠವನ್ನು ಸ್ವಲ್ಪ ನಿಧಾನವಾಗಿ ಮಾಡುತ್ತಿದ್ದೆ.

ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ, ನಿಂತ ಕಡೆ ಮುಚ್ಚಳ ಬಿಚ್ಚಿದರೆ ಗುಡಾರವಾಗುವ ಆ ಗಾಡಿಯ ಫೋಟೊವನ್ನು ತಾತನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ನಮ್ಮ ಹೇರಿನ ಎತ್ತಿಗಿಂತ ವಾಸಿ, ಮೇವು ಕೇಳುವುದಿಲ್ಲ, ಆದರೆ ಮಲಗಿಬಿಟ್ಟರೆ ಬಾಲ ತಿರುವಿ ಎಬ್ಬಿಸಲಾಗುವುದಿಲ್ಲ ಎಂದ. ಕುರಿ ಕಾಯುವವರ ಮೊಮ್ಮಗನಾದ ನಿನ್ನ ಗಂಡ ಕುರಿಯ ಉಣ್ಣೆಯ ಬಗ್ಗೆ ಕಲಿಯಲು ಸಮುದ್ರ ದಾಟಿ ಹೋಗಿರುವುದು ಅವನಿಗೆ ಇವತ್ತಿಗೂ ತಮಾಷೆಯೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎನ್ನುತ್ತಾನೆ. ಅಳಿಯಂದಿರು ಬೇಸರ ಮಾಡಿಕೊಳ್ಳಬಾರದು. ಅವರ ಕಾಗದ ಬಂದ ದಿನ ಅದನ್ನು ಮೂರು ಸಲ ಓದಿಸಿಕೊಳ್ಳುವವನೂ ಅವನೇ.

ಅಮ್ಮಾ, ನೀನು ಚಿಕ್ಕಂದಿನಲ್ಲಿ ಮಂದೆಯ ಜೊತೆ ನಡೆದವಳು, ನಮ್ಮ ಪ್ರಯಾಣದ ಪಟ್ಟಿ ನೋಡಿ ತಿದ್ದಿ ಕಳಿಸು ಎಂದು ಬರೆದಿದ್ದೀಯ. ತಿದ್ದುವುದೆಂದರೆ ನನಗೆ ಹಬ್ಬ. ಕೆಂಪು ಪೆನ್ಸಿಲ್ ತೆಗೆದುಕೊಂಡೇ ಕೂತೆ.

ಮೊದಲನೆಯದು, ಮೊದಲ ದಿನವೇ ನಾನೂರು ಮೈಲಿ ಹೋಗುವುದೆಂದು ಹಾಕಿದ್ದೀರಿ. ತಪ್ಪು. ಸಂಕ್ರಾಂತಿ ಕಳೆದು ಹಿರಿಯೂರಿನ ಆಚೆಯ ನಮ್ಮ ಹಟ್ಟಿಯಿಂದ ಕುರಿ ಹೊಡೆದುಕೊಂಡು ಗದ್ದೆ ಸೀಮೆಗೆ ಹೊರಟಾಗ, ಮೊದಲ ಬಿಡಾರ ಹಟ್ಟಿಯ ಹೊಗೆ ಕಾಣುವಷ್ಟು ಹತ್ತಿರದಲ್ಲೇ ಇರುತ್ತಿತ್ತು. ಏನೇನು ಮರೆತಿದ್ದೇವೆಂದು ಗೊತ್ತಾಗುವುದು ಮೊದಲ ಅಡುಗೆಯಲ್ಲೇ. ಉಪ್ಪು ಮರೆತವರು, ಜರಡಿ ಮರೆತವರು, ಒಂದು ವರ್ಷ ಕುಡುಗೋಲನ್ನೇ ಮರೆತವರು, ಎಲ್ಲ ಓಡಿಹೋಗಿ ತರುತ್ತಿದ್ದರು. ನೀವೂ ಮೊದಲ ದಿನ ಮೂವತ್ತು ಮೈಲಿಗೆ ನಿಲ್ಲಿ. ನಿನ್ನ ಮರೆವು ನನಗೆ ಗೊತ್ತಿಲ್ಲವೇ.

ಎರಡನೆಯದು ನೀರು. ನೀರು ಎಲ್ಲಿದೆಯೆಂದು ಗಂಡಸರನ್ನು ಕೇಳಬೇಡ, ಹೆಂಗಸರನ್ನು ಕೇಳು. ಗಂಡಸರಿಗೆ ಬಾವಿ ಇರುವುದು ಗೊತ್ತು, ಅದರಲ್ಲಿ ಈಗ ನೀರು ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಸಿಕ್ಕಿದ ಕಡೆಯೆಲ್ಲ ತುಂಬಿಸಿಕೊಳ್ಳಿ, ಮುಂದಿನ ಊರಲ್ಲಿ ಸಿಗುತ್ತದೆ ಎನ್ನಬೇಡಿ. ಬೆಳಿಗ್ಗೆ ಚಪ್ಪಲಿ ಕೊಡವಿ ಮೆಟ್ಟಿ. ಹೊತ್ತು ಇಳಿಯುವ ಮುಂಚೆಯೇ ಬಿಡಾರ ಹಾಕಿ. ಜಾಗ ಹುಡುಕುವಾಗ ಗಂಡ ಹೆಂಡತಿ ಜಗಳವಾಡಬೇಡಿ, ಆಡಲೇಬೇಕೆಂದರೆ ಊಟ ಆದ ಮೇಲೆ ಆಡಿ. ದಾರಿಯಲ್ಲಿ ಸಿಗುವ ಬ್ರೋಕನ್ ಹಿಲ್ ಎಂಬ ಊರಿನಲ್ಲಿ ಎರಡು ದಿನ ಸಾಲದು, ಮೂರು ಮಾಡಿ. ಮಗು ಒಂದೇ ಸಮನೆ ಕಾರಿನಲ್ಲಿ ಕೂರುವುದಿಲ್ಲ, ನಾಲ್ಕು ದಿನಕ್ಕೊಂದು ದಿನ ಗಾಡಿ ಕದಲಬಾರದು. ಕುರಿಗೂ ಹಾಗೇ ಬಿಡುವು ಕೊಡುತ್ತಿದ್ದೆವು, ಮಗು ಕುರಿಗಿಂತ ಕಡೆಯಲ್ಲ.

ಇನ್ನು ನಕ್ಷೆಯಲ್ಲಿ ನೀನು ನೀಲಿ ಶಾಯಿಯಲ್ಲಿ ಗುರುತು ಮಾಡಿದ ಏಳು ಬಿಡಾರಗಳು.

ಭಾನುವಾರ

ಅಲ್ಲಿಗೆ ಬರೆದು ಎರಡು ದಿನ ಪೆನ್ನು ಮುಟ್ಟಲಿಲ್ಲ. ನಿಮ್ಮಪ್ಪ ಬಂದವರು, ಕಾಗದ ಇನ್ನೂ ಹಾಕಲಿಲ್ಲವೇ ಎಂದು ಕೇಳಿದರು. ಮಂಡಿನೋವು ಎಂದೆ. ಮಂಡಿಯಲ್ಲಿ ಬರೆಯುತ್ತೀಯಾ ಎಂದು ನಕ್ಕು ಸಂತೆಗೆ ಹೋದರು.

ಯಲ್ಲೂ, ಆ ಏಳೂ ಬಿಡಾರಗಳು ಬತ್ತಿದ ಹೊಳೆಯ ಪಾತ್ರದಲ್ಲಿವೆ. ಗಾಡಿ ಕೊಟ್ಟ ನಿಮ್ಮ ಮನೆ ಒಡತಿ ಡೋರೀನಮ್ಮ ಅದನ್ನು ನೋಡಿ ಬೇಡವೆಂದಳಂತೆ. ನೀನು ನಕ್ಕು, ನಮ್ಮಮ್ಮ ಬೆಳೆದದ್ದೇ ಹಳ್ಳದ ಮರಳಲ್ಲಿ ಮಲಗಿ, ಅದಕ್ಕಿಂತ ಮೆತ್ತನೆಯ ಹಾಸಿಗೆ ಇಲ್ಲ ಎಂದೆಯಂತೆ. ನಿನ್ನ ಇಡೀ ಕಾಗದದಲ್ಲಿ ನೀನು ಎಲ್ಲಕ್ಕಿಂತ ಖುಷಿಯಿಂದ ಬರೆದದ್ದು ಅದನ್ನೇ. ಅಮ್ಮ ಹೇಳುತ್ತಿದ್ದ ಮರಳ ಹಾಸಿಗೆಯಲ್ಲಿ ಕೊನೆಗೂ ನಾನು ಮಲಗುತ್ತೇನೆ, ನನ್ನ ಮಗಳನ್ನೂ ಮಲಗಿಸುತ್ತೇನೆ ಎಂದು.

ಬರೀ ಬೇಡ ಎಂದು ಬರೆದು ಮುಗಿಸಬಹುದಿತ್ತು. ಮೊದಲು ಹಾಗೇ ಒಂದು ಹಾಳೆ ಬರೆದೆ. ಆದರೆ ಬರೀ ಬೇಡ ಎಂದರೆ ನೀನು ಕೇಳುವುದಿಲ್ಲ. ವಯಸ್ಸಾಯಿತು, ಅಮ್ಮ ಸುಮ್ಮನೆ ಹೆದರುತ್ತಾಳೆ ಎಂದುಕೊಂಡು ಅಲ್ಲೇ ಗಾಡಿ ನಿಲ್ಲಿಸುತ್ತೀಯ. ನನ್ನ ಮಗಳಲ್ಲವೇ. ಅದಕ್ಕೇ ನಿಜ ಬರೆಯುತ್ತೇನೆ.

ನೀನು ಮಲಗುವಾಗ ನಾನು ಹೇಳುತ್ತಿದ್ದ ಮರಳಿನ ಕಥೆ ಸುಳ್ಳಲ್ಲ. ಅದರ ಕೊನೆಯನ್ನು ಹೇಳಲಿಲ್ಲ, ಅಷ್ಟೆ. ನಿನ್ನ ಸೋದರಮಾವ ಯತ್ತಪ್ಪ ಮೂರು ವರ್ಷದವನಿದ್ದಾಗ ಜ್ವರ ಬಂದು ಹೋದನೆಂದಿದ್ದೆ. ಅದು ಸುಳ್ಳು. ಅವನನ್ನು ಹಳ್ಳ ಒಯ್ದಿತು. ಆ ಹಳ್ಳದಲ್ಲಿ ಬಿಡಾರ ಹಾಕಿಸಿದವಳು ನಾನು.

ನನಗೆ ಆಗ ಹನ್ನೊಂದು. ಗದ್ದೆ ಸೀಮೆಯಿಂದ ಹಟ್ಟಿಗೆ ವಾಪಸು ಬರುವ ದಾರಿ. ಭರಣಿ ಮಳೆಯ ಕಾಲ, ಆದರೂ ನಮ್ಮ ದಾರಿಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಮುಂದೆ ಹೋಗಿ ಬಿಡಾರಕ್ಕೆ ಜಾಗ ನೋಡುವುದು ಚಿಕ್ಕಪ್ಪ ಗೊಲ್ಲಪ್ಪನ ಕೆಲಸ. ಅವತ್ತು ಅವನ ಕಾಲಿಗೆ ಮುಳ್ಳು ಮುರಿದು ಕೀವಾಗಿತ್ತು. ನಾನು ಹೋಗುತ್ತೇನೆಂದು ಹಠ ಹಿಡಿದೆ. ನಮ್ಮ ಹುಡುಗಿಯ ಕಣ್ಣು ಚುರುಕು ಎಂದು ನಮ್ಮಪ್ಪ, ನಿನ್ನ ತಾತ, ಎಲ್ಲರೆದುರು ಹೇಳಿ ಕಳಿಸಿದ. ಹೊಸದುರ್ಗಕ್ಕೆ ಇನ್ನೂ ಒಂದು ದಿನದ ದಾರಿ ಇತ್ತು. ಹತ್ತಿರದ ಹಳ್ಳಿಯ ರೈತರೊಬ್ಬರು ಗೊಬ್ಬರದ ಆಸೆಗೆ ದಿಬ್ಬದ ಮೇಲಿನ ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳಲು ಒಪ್ಪಿದ್ದರು. ನಾನು ಹೋಗಿ ನೋಡಿದರೆ ಅಲ್ಲಿ ಬರೀ ಗರಸು, ಜಾಲಿಮುಳ್ಳು. ಕೆಳಗೆ ಹಳ್ಳದಲ್ಲಿ ಬೆಳ್ಳಗೆ ಮರಳು, ದಡದಿಂದ ಬಾಗಿದ ಹೊಂಗೆ ಮರದ ನೆರಳು. ಅಲ್ಲೇ ಮೂರು ಕಲ್ಲು ಕೂಡಿಸಿ ಒಲೆ ಗುರುತು ಮಾಡಿ ಬಂದೆ. ಅದನ್ನು ದೊಡ್ಡವರಿಗೆ ತೋರಿಸುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಧ್ಯಾಹ್ನ ಇಳಿದೆವು. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ನಮ್ಮವ್ವ ಯತ್ತಪ್ಪನನ್ನು ಹೊಂಗೆಯ ನೆರಳಲ್ಲಿ ಕಂಬಳಿ ಹಾಸಿ ಮಲಗಿಸಿ ದಡದ ಮೇಲೆ ಸೌದೆಗೆ ಹೋದಳು. ನಾನು ಕುಡಿಯುವ ನೀರಿಗೆ ಮರಳಲ್ಲಿ ಗುಂಡಿ ತೋಡುತ್ತಿದ್ದೆ. ಮೊದಲು ಗಾಳಿ ಎದ್ದ ಹಾಗೆ ಸದ್ದು. ತಿರುಗಿ ನೋಡಿದರೆ ಕೆಂಪು ನೀರು, ಅದರ ಮುಂದೆ ಕಸಕಡ್ಡಿ ಮುಳ್ಳುಕಂಟಿಗಳ ಗೋಡೆ. ಮಳೆ ಎಲ್ಲೋ ದೂರದ ಗುಡ್ಡದಲ್ಲಿ ಸುರಿದಿತ್ತು, ನಮ್ಮ ತಲೆಯ ಮೇಲೆ ಸುಡು ಬಿಸಿಲು. ಯತ್ತಪ್ಪ ನನ್ನಿಂದ ಹತ್ತು ಮಾರು ದೂರದಲ್ಲಿದ್ದ. ನಾನು ಅವನ ಕಡೆಗೆ ಓಡಲಿಲ್ಲ, ದಡದ ಕಡೆಗೆ ಓಡಿದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ.

ಸಂಜೆಯೊಳಗೆ ನೀರು ಇಳಿಯಿತು. ಗಂಡಸರು ದಡದುದ್ದಕ್ಕೂ ಹುಡುಕಿ ಅವನನ್ನು ಎತ್ತಿಕೊಂಡು ಬಂದರು. ನಮ್ಮಪ್ಪ ನನ್ನತ್ತ ತಿರುಗದೆ, ಯಾರ ಮುಖವನ್ನೂ ನೋಡದೆ, “ಕುರಿ ಎಣಸ್ರಿ” ಎಂದ. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಬರಲೇ ಇಲ್ಲ. ನಮ್ಮವ್ವ ಸಾಯುವವರೆಗೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹಟ್ಟಿಗೆ ಬಂದು ತಿಂಗಳೊಳಗೆ ಅಪ್ಪ ನನ್ನನ್ನು ಚಿತ್ರದುರ್ಗದಲ್ಲಿ ನೆಂಟರ ಮನೆಯಲ್ಲಿ ಬಿಟ್ಟು ಶಾಲೆಗೆ ಹಾಕಿದ. ಕುರಿ ಕಾಯುವ ಮನುಷ್ಯ ಆ ಕಾಲಕ್ಕೇ ಹೆಣ್ಣುಮಗಳನ್ನು ಓದಿಸಿದ ಎಂದು ನಾನು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಭಾಷಣ ಮಾಡಿದ್ದೇನೆ. ನೀನು ಅದನ್ನೇ ಪ್ರಬಂಧ ಬರೆದು ಬಹುಮಾನ ತಂದೆ. ನನಗೆ ಗೊತ್ತಿರುವುದು ಬೇರೆ. ಅವನಿಗೆ ನನ್ನನ್ನು ಕಣ್ಣೆದುರು ಇಟ್ಟುಕೊಳ್ಳಲಾಗಲಿಲ್ಲ, ಅದಕ್ಕೇ ಕಳಿಸಿದ. ನಾನು ಟೀಚರಾದದ್ದು ಹಾಗೆ. ಈಗ ಎಪ್ಪತ್ತೆಂಟು ವರ್ಷದ ಅವನಿಗೆ ಮುದ್ದೆ ಮುರಿದು ಕೊಡುವವಳು ನಾನೇ, ನನ್ನ ಕೈಯಿಂದ ಪ್ರೀತಿಯಿಂದಲೇ ತಿನ್ನುತ್ತಾನೆ. ಆದರೂ ಈ ಕಾಗದವನ್ನು ಮಾತ್ರ ಅವನಿಗೆ ಓದಿ ಹೇಳುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ನಿನಗೆ ಆ ಕಥೆ ಏಕೆ ಹೇಳುತ್ತಿದ್ದೆ ಎಂದು ಕೇಳುತ್ತೀಯ. ಅದಕ್ಕಿಂತ ಹಿಂದಿನ ವರ್ಷಗಳ ಮರಳಲ್ಲಿ ಯತ್ತಪ್ಪ ನನ್ನ ಪಕ್ಕದಲ್ಲೇ ಮಲಗಿರುತ್ತಿದ್ದ, ಕಾಲು ನನ್ನ ಹೊಟ್ಟೆಯ ಮೇಲೆ ಹಾಕುತ್ತಿದ್ದ. ಆ ಕಥೆ ಹೇಳುವಷ್ಟು ಹೊತ್ತು ಅವನು ಇರುತ್ತಿದ್ದ. ನನ್ನ ಆಸೆಗೆ ಅರ್ಧ ಕಥೆ ಹೇಳಿದೆ, ನೀನು ಅದನ್ನು ಪೂರ್ತಿ ಎಂದು ನಂಬಿ ನಕ್ಷೆಯ ಮೇಲೆ ಗುರುತು ಹಾಕಿದೆ. ಇದು ನನ್ನ ತಪ್ಪು, ನಿನ್ನದಲ್ಲ.

ಪ್ರವಾಸ ಬಿಡು ಎನ್ನುವುದಿಲ್ಲ. ಹೋಗಿ ಬನ್ನಿ. ಕಾಣದ ಊರು ಕಾಣುವುದು ದೊಡ್ಡ ಭಾಗ್ಯ, ಕಾಲಲ್ಲಿ ನಡೆದೇ ನಾನು ಅದನ್ನು ಕಲಿತವಳು. ಆದರೆ ಏಳೂ ಬಿಡಾರಗಳನ್ನು ದಡದ ಮೇಲಕ್ಕೆ ತಂದು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಕಲ್ಲು ಒತ್ತಿದರೆ ಒತ್ತಲಿ, ಇನ್ನೊಂದು ಕಂಬಳಿ ಹಾಸಿಕೊಳ್ಳಿ. ಆಕಾಶ ತಿಳಿಯಾಗಿದೆ ಎಂದು ನೋಡಬೇಡಿ, ನಿಮ್ಮ ತಲೆಯ ಮೇಲಿನ ಆಕಾಶಕ್ಕೆ ಏನೂ ಗೊತ್ತಿರುವುದಿಲ್ಲ. ಡೋರೀನಮ್ಮನ ಬಳಿ ಹೋಗಿ, ನೀವು ಹೇಳಿದ್ದೇ ಸರಿ ಎಂದು ನಮ್ಮಮ್ಮ ಬರೆದಿದ್ದಾಳೆ ಎಂದು ಹೇಳು. ಇದಕ್ಕೆ ಒಪ್ಪಿದ್ದೇನೆಂದು ಎರಡೇ ಸಾಲು ತಕ್ಷಣ ಬರೆದು ಹಾಕು. ಅದು ಬರುವವರೆಗೆ ನಾನು ಪೋಸ್ಟ್‌ಮ್ಯಾನ್ ಶಿವಯ್ಯನ ದಾರಿ ಕಾಯುತ್ತಿರುತ್ತೇನೆ.

ನನ್ನ ಮೇಲೆ ಕೋಪ ಬಂದರೆ ಅದನ್ನೂ ಬರೆ. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನನ್ನು ಸದಾ ನೆನೆಯುವ ಅಮ್ಮ,
ಜಯಕ್ಕ

ಮತ್ತೊಂದು ಮಾತು:

ಸೋಮವಾರ ಬೆಳಿಗ್ಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮಪ್ಪ ಬಸ್ಸಿಗೆ ಹೋದ ಮೇಲೆ ತಾತ ಜಗಲಿಯ ಬಿಸಿಲಿಗೆ ಕೂತು, ಎಲ್ಲ ಕಾಗದ ಓದುವವಳು ಇದನ್ನೇಕೆ ಹಾಸಿಗೆಯ ಕೆಳಗೆ ಇಟ್ಟಿದ್ದೀಯ ಎಂದು ಕೇಳಿದ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಕೂತು ಪೂರ್ತಿ ಓದಿದೆ, ದಡಕ್ಕೆ ಓಡಿದ್ದನ್ನೂ ಬಿಡಲಿಲ್ಲ. ಆಮೇಲೆ ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ:

“ಅವತ್ತು ಕುರಿ ಮರಳಿಗೆ ಇಳೀಲಿಲ್ಲ ಕಣವ್ವ. ನಾಯಿ ದಡದ ಮೇಲೇ ನಿಂತು ಒಂದೇ ಸಮ ಬೊಗಳ್ತಿತ್ತು. ಏನೋ ಐತೆ ಅಂತ ನನ್ನ ಮನಸ್ಸಿಗೆ ಬಂತು. ನನ್ನ ಮಗಳು ಆರಿಸಿದ ಜಾಗ ಅನ್ನೋ ಜಂಬಕ್ಕೆ ಕೋಲು ತಗಂಡು ಹೊಡೆದು ಇಳಿಸ್ದೆ. ನಿನ್ನ ಮುಖ ನೋಡಾಕಾಗ್ದೆ ಇಸ್ಕೂಲಿಗೆ ಕಳಿಸ್ದೆ ಅಂತ ತಿಳ್ಕಂಡಿದ್ಯಾ ಇಷ್ಟು ವರ್ಸ? ನಾಯಿ ಬೊಗಳಿದ್ದನ್ನ ನೀನೂ ಕೇಳಿದ್ದೆ. ದೊಡ್ಡೋಳಾದ ಮ್ಯಾಲೆ ಒಂದಿನ ನನ್ನ ಮುಖ ನೋಡಿ ಯಾಕಪ್ಪಾ ಇಳಿಸ್ದೆ ಅಂತ ಕೇಳ್ತೀಯ ಅಂತ ಹೆದರಿ ಕಳಿಸ್ದೆ.”

ಯಲ್ಲೂ, ನಾಯಿ ಬೊಗಳಿದ್ದು ನನಗೆ ನೆನಪೇ ಇಲ್ಲ. ಮೂವತ್ತೆಂಟು ವರ್ಷ ನಾನು ಅವನಿಗೆ ಹೆದರಿದೆ, ಅವನು ನನಗೆ ಹೆದರಿದ. ಈಗ ಎದುರಿಗೇ ಕೂತಿದ್ದಾನೆ. ಎರಡು ಸಾಲು ಬರೆಯುತ್ತೇನೆ, ತಲೆ ಎತ್ತಿ ಅವನ ಮುಖ ನೋಡುತ್ತೇನೆ.