ಠಾಣೆಯಲ್ಲಿರುವ ಕೋವಿ

ಹಮ್ರಿಯಾ, ಮಸ್ಕತ್

ಮಾನ್ಯ ಸಬ್ ಇನ್ಸ್‌ಪೆಕ್ಟರ್ ಅವರಿಗೆ,

ಚುನಾವಣೆ ಬಂತೆಂದು ನನ್ನ ಗಂಡ ಸಂಕಪ್ಪನವರು ಬೆಳೆ ಕಾಯುವ ಲೈಸೆನ್ಸ್ ಕೋವಿಯನ್ನು ನಿಮ್ಮ ಠಾಣೆಯಲ್ಲಿ ಇಟ್ಟಿದ್ದಾರೆ. ದಯವಿಟ್ಟು ಅದನ್ನು ವಾಪಸು ಕೊಡಬೇಡಿ. ಕಳೆದ ರಜೆಯಲ್ಲಿ ಅದನ್ನೇ ನನ್ನ ಎದೆಗೆ ಹಿಡಿದಿದ್ದರು. ಆಗ ಕೊಟ್ಟ ದೂರು ನಿಮ್ಮಲ್ಲೇ ಇದೆ.

ಫೋನ್ ಮಾಡಿದರೆ ನಿಮ್ಮವರು, "ಫಲಿತಾಂಶ ಬಂದಾಯ್ತಲ್ಲ, ಇನ್ನು ಕೋವಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲಮ್ಮ. ಗಂಡ ಹೆಂಡತಿ ಮಾತಾಡಿಕೊಳ್ಳಿ" ಅಂದರು. ಮತದಾನಕ್ಕೆ ಇರುವ ಕಾನೂನು ನನಗಿಲ್ಲವಂತೆ.

ಇಲ್ಲಿ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಕಫೀಲ್, ನನ್ನ ವೀಸಾ ರದ್ದು ಮಾಡಿದ್ದಾರೆ. ಹದಿನಾಲ್ಕಕ್ಕೆ ಊರಿಗೆ ಬರಲೇಬೇಕು. ಮಗಳು ನನ್ನ ಗಂಡನ ಜೊತೆಗಿರುವುದರಿಂದ ಆ ಮನೆಗೇ ಹೋಗಬೇಕು.

ಕೋವಿ ಕೊಡಲೇಬೇಕಾದರೆ ಒಂದು ಉಪಕಾರ ಮಾಡಿ. ನಾನು ಹೀಗೆ ಬರೆದದ್ದನ್ನು ಅವರಿಗೆ ಹೇಳಬೇಡಿ. ಕಳೆದ ಸಲ ಹೇಳಿದ್ದಿರಿ.

ಇತಿ, ನಿಮ್ಮ ಠಾಣೆಯ ವ್ಯಾಪ್ತಿಯವಳು,
ಕುಸುಮ