ನಾವು ಹಾರಿಸುತ್ತಿದ್ದ ಸಾಲು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಸಿಳ್ಳೆ,

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಮೆಸೇಜ್ ಹಾಕಿದರೆ ನೀನು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗಿಬಿಡುತ್ತೀಯ. ಫೋನ್ ಮಾಡೋಣವೆಂದರೆ, ನಿನ್ನ ಈಜುಕೊಳದ ಮಕ್ಕಳು ದಬದಬ ನೀರಿಗೆ ಬೀಳುವ ಸದ್ದಿನಲ್ಲಿ ನನ್ನ ಅರ್ಧ ಮಾತು ಮುಳುಗಿಹೋಗುತ್ತದೆ. ಅದಕ್ಕೇ ಇದು. ವಿಷಯ ಮೊದಲೇ ಹೇಳಿಬಿಡುತ್ತೇನೆ: ಬರುವ ತಿಂಗಳು ನಮ್ಮವಳು ಇನ್ನೊಮ್ಮೆ ಹಾಡುತ್ತಾಳೆ, ಈ ಸಲ ಒಂದು ಚಿಕ್ಕ ಸಭಾಂಗಣದಲ್ಲಿ. ನೀನು ಬಂದು ನನ್ನ ಪಕ್ಕದಲ್ಲಿ ಕೂರಬೇಕು. ಇನ್ನುಳಿದದ್ದೆಲ್ಲ ನಿನ್ನನ್ನು ಒಪ್ಪಿಸುವುದಕ್ಕೆ ಬರೆಯುತ್ತಿರುವುದು.

"ನಮ್ಮವಳು" ಎಂದು ಬರೆದದ್ದಕ್ಕೆ ಈಗ ಮೂಗು ಮುರಿಯುತ್ತಿದ್ದೀಯ, ಗೊತ್ತು. ಕಾಲೇಜಿನಲ್ಲಿ ಆ ಗಾಯಕಿಗೆ ಬೇರೆ ಹೆಸರಿದೆ ಎನ್ನುವುದೇ ನಮಗೆ ಮರೆತುಹೋಗಿತ್ತು. ನಮ್ಮವಳ ಹೊಸ ಹಾಡು ಬಂತಂತೆ, ನಮ್ಮವಳಿಗೆ ನೆಗಡಿಯಂತೆ ಎಂದು ಮನೆಯವರ ಸುದ್ದಿಯ ಹಾಗೆ ಮಾತಾಡುತ್ತಿದ್ದೆವು. ನಿನ್ನ ಬಾಯಲ್ಲಿ ಅವಳು "ನಿಮ್ಮವಳು" ಆದದ್ದು ಆ ಕ್ರೀಡಾಂಗಣದ ಕಾರ್ಯಕ್ರಮದ ದಿನ. ಕುಣಿಯುತ್ತಾ ಕುಣಿಯುತ್ತಾ ನೀರಿನ ಬಾಟಲಿ ಎತ್ತಿ ಬಾಯಿಗಿಟ್ಟುಕೊಂಡಳು, ಹಾಡು ಮಾತ್ರ ನಿಲ್ಲಲಿಲ್ಲ. "ನೀರು ಕುಡೀತಾ ಹಾಡ್ತಾಳಂತೆ ಕಣೇ! ನಾನು ದಿನವಿಡೀ ನೀರಲ್ಲೇ ಇರೋಳು, ನನ್ನ ಕೈಲೂ ಆಗಲ್ಲ," ಎಂದೆ ನೀನು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನೀನು ನಗಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು, ಜನರ ಮೊಣಕಾಲುಗಳನ್ನು ದಾಟಿಕೊಂಡು ಹೊರಟೇಬಿಟ್ಟೆ.

ನಾನು ಕೊನೆಯವರೆಗೆ ಕೂತೆ. ಮಧ್ಯದಲ್ಲಿ ಒಂದು ಹಾಡಿಗೆ ಅವಳ ಉಸಿರು ಮೈಕಿನಲ್ಲಿ ಕೇಳಿಸಿತ್ತು. ಅದೊಂದನ್ನು ನಿಜವಾಗಿ ಹಾಡುತ್ತಿದ್ದಾಳೆ ಎಂದು ಗೊತ್ತಾಗಿ, ಇನ್ನೊಂದು ಅಂಥದ್ದು ಬರಬಹುದೆಂದು ಕಾದೆ. ಇದನ್ನು ನಿನಗೆ ಹೇಳಿದಾಗ ನೀನು ಅಂದದ್ದು: "ನಿನಗೆ ಆ ಕಡೆನೂ ಸರಿ, ಈ ಕಡೆನೂ ಸರಿ. ತಕ್ಕಡಿ ಅಂತ ಸುಮ್ನೆ ಹೆಸರಿಟ್ಟಿಲ್ಲ ನಾನು." ಆಮೇಲೆ ನಾವು ಜಗಳವನ್ನೇನೂ ಆಡಲಿಲ್ಲ. ಫೋನು ತಿಂಗಳಿಗೊಮ್ಮೆ ಆಯಿತು, ಹುಟ್ಟುಹಬ್ಬಕ್ಕೊಮ್ಮೆ ಆಯಿತು, ಕೊನೆಗೆ ಹೆಬ್ಬೆರಳಿನ ಚಿತ್ರಕ್ಕೆ ಬಂದು ನಿಂತಿತು. ನಮ್ಮ ಮನೆಯವರು ಒಮ್ಮೆ ಹೇಳಿದರು: "ಆಸ್ತಿ ಜಗಳ ಆಗಿದ್ರೆ ಇಷ್ಟೊತ್ತಿಗೆ ಮುಗಿದಿರ್ತಿತ್ತು. ನೀವಿಬ್ರೂ ಒಂದು ನೀರಿನ ಬಾಟ್ಲಿಗೆ ಇಷ್ಟು ವರ್ಷ ಎಳೆದಿದ್ದೀರಲ್ಲ!"

ಇಷ್ಟು ದಿನ ನಾನು ಅವಳ ಭಕ್ತೆಯಾಗಿಯೇ ಇದ್ದೆ ಎಂದುಕೊಳ್ಳಬೇಡ. ಆ ಡೋಲು, ತಮಟೆ, ಕಂಪ್ಯೂಟರಿನ ಕೀರಲು ದನಿಯ ಆಲ್ಬಮ್ ಬಂತಲ್ಲ, ಅದನ್ನು ಎರಡನೇ ಸಲ ಕೇಳುವುದು ನನ್ನಿಂದ ಆಗಲಿಲ್ಲ. ಹಳೆಯ ಹಾಡುಗಳನ್ನೂ ಬಿಟ್ಟೆ. ನನಗೆ ಇಷ್ಟವಾಗಿದ್ದು ಅವಳ ಹಾಡೋ, ನನ್ನ ಇಪ್ಪತ್ತರ ವಯಸ್ಸೋ ಎಂಬ ಅನುಮಾನ ಬಂದಿತ್ತು. ಅಂಥ ಅನುಮಾನ ಬಂದ ಮೇಲೆ ಹಾಡನ್ನು ಸುಮ್ಮನೆ ಕೇಳುವುದಕ್ಕಾಗುವುದಿಲ್ಲ, ವಿಚಾರಣೆ ಮಾಡಿದ ಹಾಗಾಗುತ್ತದೆ.

ಹೀಗಿರುವಾಗ ಮಗಳ ಕೋಣೆಯಿಂದ ಅದೇ ಕೀರಲು ಆಲ್ಬಮ್ ಕೇಳಿಬರಲು ಶುರುವಾಯಿತು. ನಿನ್ನ ನೆನಪಿನಲ್ಲಿ ಅವಳಿನ್ನೂ ಹಲ್ಲು ಬಿದ್ದ ಪುಟ್ಟಿ. ಈಗ ನನಗಿಂತ ಎತ್ತರ ಇದ್ದಾಳೆ, ಮಾತಿನಲ್ಲಂತೂ ನಿನಗಿಂತ ಚೂಪು. ಆ ಆಲ್ಬಮ್ ಅವಳ ಗೆಳತಿಯರ ಗುಂಪಿಗೆ ಪ್ರಾಣವಂತೆ. ನಾನು ನಮ್ಮ ಕಾಲದ್ದನ್ನು ಹಾಕಿ ಕೇಳಿಸಿದೆ. ಗಂಭೀರವಾಗಿ ಕೇಳಿ, "ಚೆನ್ನಾಗಿದೆ ಅಮ್ಮ. ಆದ್ರೆ ಹಾಡು ಯಾವಾಗ ಶುರುವಾಗುತ್ತೆ?" ಎಂದಳು. ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ನಾವು ನಮ್ಮವಳ ಮೊದಲ ಹಾಡು ಹಾಕಿದಾಗ ನಿನ್ನಮ್ಮ ಹೇಳಿದ್ದೂ ಇಂಥದ್ದೇ ಅಲ್ಲವೇ? "ಪಾಪ, ಯಾರಿಗೋ ಹೊಟ್ಟೆನೋವು," ಎಂದಿದ್ದರು.

ನಿನ್ನೆ ಶನಿವಾರ ಸಂಜೆ ನಮ್ಮವಳ ಕಾರ್ಯಕ್ರಮವಿತ್ತು. ನೀನು ಬರುವವಳಲ್ಲವಲ್ಲ, ಹಾಗಾಗಿ ವಿವರವಾಗಿ ಬರೆಯುತ್ತೇನೆ. ಮಗಳೇ ಎಳೆದುಕೊಂಡು ಹೋದಳು. ನಾನು ಕ್ಲಿನಿಕ್ಕಿನಿಂದ ಸ್ಪಂಜಿನ ಕಿವಿಬಿರಡೆಗಳನ್ನು ಪರ್ಸಿನಲ್ಲಿ ಹಾಕಿಕೊಂಡು ಹೋಗಿದ್ದೆ. ಇಡೀ ದಿನ ಜನರ ಕಿವಿ ಪರೀಕ್ಷೆ ಮಾಡುವವಳು ಅಷ್ಟೆತ್ತರದ ಸ್ಪೀಕರುಗಳ ಎದುರು ಬರಿಗಿವಿಯಲ್ಲಿ ಹೇಗೆ ಕೂರಲಿ? ಮಗಳಿಗೆ ಎರಡು ಕೊಟ್ಟೆ, ಪಕ್ಕದಲ್ಲಿದ್ದ ಹುಡುಗಿಯರಿಗೂ ಕೊಡಲು ಹೋದೆ. "ಅಮ್ಮಾ, ಹಾಡು ಕೇಳೋಕೆ ಬಂದು ಯಾರಾದ್ರೂ ಕಿವಿ ಮುಚ್ಕೋತಾರಾ? ದಮ್ಮಯ್ಯ, ಒಳಗಿಡು," ಎಂದು ಮಗಳು ಹಲ್ಲು ಕಚ್ಚಿದಳು. ನಮ್ಮ ಮುಂದಿದ್ದ ಕನ್ನಡಕದ ಹಿರಿಯರು ಮಾತ್ರ ತಿರುಗಿ ಕೈ ಚಾಚಿದರು. "ನನಗೊಂದು ಜೊತೆ ಕೊಡಿಮ್ಮ. ನಾನು ಹೆಂಡತಿ ಜೊತೆ ಬಂದಿರೋದು ಅಷ್ಟೇ." ಅವರ ಹೆಂಡತಿ, "ಇವರಿಗೆ ಮನೆಗೂ ಒಂದು ಜೊತೆ ಇದ್ರೆ ಕೊಡಿ, ಹೇಗೂ ನನ್ನ ಮಾತು ಕೇಳಿಸ್ಕೊಳ್ಳಲ್ಲ," ಎಂದರು. ಮಗಳು ಮುಖ ಮುಚ್ಚಿಕೊಂಡಳು.

ಕುಣಿತ, ಹೊಗೆ, ಬೆಂಕಿ ಒಂದೂ ಇರಲಿಲ್ಲ ಕಣೇ. ವಾದ್ಯದವರು ನಾಲ್ಕೇ ಜನ. ನಮ್ಮವಳು ಒಂದು ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ಪಕ್ಕದಲ್ಲಿ ನೀರಿನ ಬಾಟಲಿ ಇತ್ತು. ಅದನ್ನು ಎತ್ತಿಕೊಂಡಾಗಲೆಲ್ಲ ಹಾಡು ನಿಂತಿತು. ಒಮ್ಮೆ ಕೆಮ್ಮು ಬಂದು, ಕ್ಷಮೆ ಕೇಳಿ, ಚರಣವನ್ನು ಮತ್ತೆ ಮೊದಲಿನಿಂದ ಹಾಡಿದಳು. ಕೀರಲು ಆಲ್ಬಮಿನ ಹಾಡನ್ನು ಆ ನಾಲ್ಕೇ ವಾದ್ಯಗಳಲ್ಲಿ ಹಾಡಿದಾಗ ನನಗೆ ಅದರ ಪದಗಳು ಮೊದಲ ಬಾರಿಗೆ ಕೇಳಿಸಿದವು. ಒಳ್ಳೆಯ ಹಾಡು. ಮಗಳಿಗೆ ಮಾತ್ರ ನಿರಾಸೆ. "ಡ್ರಮ್ಸೇ ಇಲ್ಲ, ನಿಧಾನ ಮಾಡಿಬಿಟ್ಟಿದ್ದಾಳೆ," ಎಂದು ಗೊಣಗಿದಳು. ನೀನು ಅಂದು ಎದ್ದು ಹೋದ ಸಿಟ್ಟಿನ ಮರಿ ಇವಳ ಮುಖದಲ್ಲಿತ್ತು. ಆದರೆ ಎದ್ದು ಹೋಗಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಆ ನಿಧಾನದ ಧಾಟಿಯಲ್ಲೇ ಗುನುಗುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ, ನನ್ನ ಮುಖ ಕಂಡರೆ ನಿಲ್ಲಿಸಿಬಿಡುತ್ತಾಳೆ ಎಂದು.

ದನಿ ಇಳಿದಿದೆ, ಅದನ್ನು ಮುಚ್ಚಿಡುವುದಿಲ್ಲ. ನಾವು ಕಣ್ಣು ಮುಚ್ಚಿ ಕಾಯುತ್ತಿದ್ದ ಆ ಮೇಲಿನ ಸ್ವರಕ್ಕೆ ಅವಳು ಹೋಗಲೇ ಇಲ್ಲ, ಕೆಳಗಿನಿಂದಲೇ ಸುತ್ತು ಹಾಕಿ ಬಂದಳು. ಮುಂದಿದ್ದ ಹಿರಿಯರ ಹೆಂಡತಿ "ಅಯ್ಯೋ" ಎಂದರು. ಈಗ ಒಂದು ತಮಾಷೆ ಕೇಳು. ಹೋದ ತಿಂಗಳು ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬರು ಬಾರದೆ ಹೋದಾಗ ನಾನೇ ಆ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಹೆಡ್‌ಫೋನ್ ಹಾಕಿಸಿಕೊಂಡೆ. ನಮ್ಮ ಸಹಾಯಕಿ ಒಂದೊಂದೇ ಸದ್ದು ಬಿಟ್ಟಳು, ಕೇಳಿಸಿದಾಗಲೆಲ್ಲ ಗುಂಡಿ ಒತ್ತಿದೆ. ಹೊರಗೆ ಬಂದರೆ ಅವಳ ಮುಖದಲ್ಲಿ ನಾನು ರೋಗಿಗಳಿಗೆ ತೋರಿಸುವ ಅದೇ ಮೆತ್ತನೆಯ ನಗು. "ಮೇಡಂ, ತೀರಾ ಮೇಲಿನ ಸ್ವರ ಕೇಳೋದು ಸ್ವಲ್ಪ ಹೋಗಿದೆ. ವಯಸ್ಸಿಗೆ ಸಹಜ," ಎಂದಳು. ಅದು ನನ್ನದೇ ಮಾತು. ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹಾಗಾಗಿ ನಮ್ಮವಳು ಆ ಸ್ವರವನ್ನು ಬಿಟ್ಟುಬಿಟ್ಟಾಗ ನನಗೆ ಬೇಸರವಾಗಲಿಲ್ಲ. ಅವಳ ಗಂಟಲು, ನನ್ನ ಕಿವಿ ಎರಡೂ ಒಂದೇ ಮೆಟ್ಟಿಲಿಗೆ ಇಳಿದು ಕೂತಿವೆ ಅನ್ನಿಸಿತು. ಕೂರುವುದಕ್ಕೆ ಆ ಮೆಟ್ಟಿಲೇನೂ ಕೆಟ್ಟದಾಗಿಲ್ಲ.

ಕೊನೆಗೆ ನಮ್ಮ ಹಾಡು. ಅದು ಯಾವುದೆಂದು ನಿನಗೆ ಹೇಳಬೇಕಿಲ್ಲ. ನಮ್ಮ ಕ್ಯಾಸೆಟ್ಟನ್ನು ಹಾಸ್ಟೆಲಿನ ಟೇಪ್ ರೆಕಾರ್ಡರ್ ಅಗಿದು ಹಾಕಿದ್ದು ನೆನಪಿದೆಯಾ? ನೀನು ಪೆನ್ಸಿಲ್ ತೂರಿಸಿ ಸುರುಳಿಯನ್ನು ಈಚೆಗೆಳೆದು, ಸುಕ್ಕಾದ ತುಂಡನ್ನು ಬ್ಲೇಡಿನಲ್ಲಿ ಕತ್ತರಿಸಿ, ಎರಡು ತುದಿಗಳನ್ನು ನನ್ನ ನೇಲ್ ಪಾಲಿಶ್‌ನಿಂದ ಅಂಟಿಸಿದೆ. ಆಪರೇಷನ್ ಯಶಸ್ವಿ, ರೋಗಿಗೆ ಒಂದು ಸಾಲು ಇಲ್ಲ. "ದೀಪ ಆರಿಸಬೇಡ, ದಾರಿಯಲ್ಲಿದ್ದೇನೆ" ಎಂದವಳು ನೇರವಾಗಿ "ನಿನ್ನ ನಗು ಕೇಳಿಸುವಷ್ಟು ಹತ್ತಿರ" ಎಂಬಲ್ಲಿಗೆ ಜಿಗಿಯುತ್ತಿದ್ದಳು. ಆಮೇಲೆ ಪೂರ್ತಿ ಹಾಡನ್ನು ಎಷ್ಟು ಸಲ ಕೇಳಿದರೂ ನಮ್ಮ ನಾಲಿಗೆ ತಿದ್ದಿಕೊಳ್ಳಲಿಲ್ಲ. ಎಲ್ಲ ಕಾರ್ಯಕ್ರಮಗಳಲ್ಲೂ ನಾವಿಬ್ಬರೂ ಒಂದು ಸಾಲು ಮುಂದೆ ಓಡಿಹೋಗಿ, ಅವಳು ಬಂದು ಸೇರುವವರೆಗೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆವು.

ನಿನ್ನೆ ಅವಳು ಆ ಜಾಗಕ್ಕೆ ಬಂದು ವಾದ್ಯಗಳನ್ನು ನಿಲ್ಲಿಸಿ ಮೈಕನ್ನು ನಮ್ಮ ಕಡೆ ಚಾಚಿದಳು. ಹುಡುಗ ಹುಡುಗಿಯರಿಗೆ ಈ ಹಾಡು ಗೊತ್ತಿಲ್ಲ. ನಮ್ಮ ವಯಸ್ಸಿನವರಷ್ಟೇ, ಅದೂ ನಾಚಿಕೊಂಡು ಮೆಲ್ಲಗೆ ಹಾಡಿದರು. ನಾನು ಬಿರಡೆ ತೆಗೆದು ಹಾಡಿದೆ, ಯಥಾಪ್ರಕಾರ ಆ ಸಾಲನ್ನು ಹಾರಿಸಿದೆ. ಮಿಕ್ಕವರಿಗಿಂತ ಬೇರೆ ಹಾಡಿದ್ದು ಕೇಳಿ ಮಗಳು ಮೊಣಕೈಯಿಂದ ತಿವಿದು, "ತಪ್ಪು ತಪ್ಪು!" ಎಂದಳು. ಸುತ್ತಲಿನವರು ಹಾಡಿದ ಆ ಹಾರಿಹೋದ ಸಾಲು ನನಗೆ ಸ್ಪಷ್ಟವಾಗಿ ಕೇಳಿಸಿತು: "ತಡವಾಯಿತು, ನನಗೊಂದು ಜಾಗ ಹಿಡಿದಿಡು." ಇಡೀ ಕಾಲೇಜು ಜೀವನ ನಾನು ಮಾಡಿದ ಕೆಲಸವೇ ಅದು! ಪಕ್ಕದ ಕುರ್ಚಿಯ ಮೇಲೆ ನನ್ನ ನೀಲಿ ಶಾಲು ಹಾಸಿ, "ಬರ್ತಾಳೆ, ಈಗ ಬರ್ತಾಳೆ" ಎಂದು ಕಂಡಕಂಡವರ ಹತ್ತಿರ ಬೈಸಿಕೊಳ್ಳುತ್ತಿದ್ದೆ. ನೀನು ಎರಡು ಹಾಡು ಮುಗಿದ ಮೇಲೆ ಒದ್ದೆ ಕೂದಲಿನಲ್ಲಿ ಬರುತ್ತಿದ್ದೆ.

ನೀನು ಅಂದು ಎದ್ದು ಹೋದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನಾನು ಕೂತದ್ದು ತಪ್ಪು ಎಂದೂ ಹೇಳುವುದಿಲ್ಲ. ನೋಡು, ಮತ್ತೆ ತಕ್ಕಡಿ. ಆದರೆ ಅವಳ ಹಾಡುಗಳ ಬಗ್ಗೆ ನನ್ನ ಮನಸ್ಸು ಇಷ್ಟು ಸಲ ಬದಲಾಯಿತಲ್ಲ, ಅಷ್ಟೂ ಸಲ ನಿನ್ನ ಹತ್ತಿರ ಹೇಳಬೇಕು ಅನ್ನಿಸಿದೆ. ನಿನ್ನ ಜೊತೆ ಜಗಳವಾಡದೆ ನನಗೆ ಒಂದು ಹಾಡು ಇಷ್ಟವೋ ಇಲ್ಲವೋ ಎಂಬುದೇ ತೀರ್ಮಾನವಾಗುವುದಿಲ್ಲ. ಬಾ, ಬಂದು ಬೈಯುತ್ತಾ ಕೂತುಕೋ. ಚಿಕ್ಕ ಸಭಾಂಗಣ, ಎದ್ದು ಹೋಗುವುದಕ್ಕೂ ಬಾಗಿಲು ಹತ್ತಿರವೇ ಇದೆ.

ನಿನ್ನ ಮಕ್ಕಳಿಗೆಲ್ಲ, ನೀರಿನಲ್ಲಿರುವವರಿಗೂ ದಡದಲ್ಲಿರುವವರಿಗೂ, ನನ್ನ ಪ್ರೀತಿ.

ಯಾವತ್ತೂ ನಿನ್ನ,
ತಕ್ಕಡಿ

ಮರೆತಿದ್ದೆ: ಆ ಸಾಲನ್ನು ಹಾರಿಸಿದವಳು ನಾನೊಬ್ಬಳೇ ಎಂದು ಮೇಲೆ ಬರೆದ ಹಾಗಿದೆ. ಹಾಗಲ್ಲ. ನಮ್ಮ ಹಿಂದಿನಿಂದ, ಎಡಗಡೆಯಿಂದ, ಇನ್ನೊಬ್ಬಳು ನನ್ನ ಜೊತೆಗೇ ಮುಂದೆ ಓಡಿಹೋಗಿ ಥಟ್ಟನೆ ಬಾಯಿ ಮುಚ್ಚಿಕೊಂಡಳು. ಈಜುಕೊಳದ ಆ ದಡಕ್ಕೆ ಮುಟ್ಟುವಂಥ ದನಿ. ಹಾಡು ಮುಗಿದ ಮೇಲೆ ಅದೇ ದಿಕ್ಕಿನಿಂದ ಎರಡು ಬೆರಳಿನ ಸಿಳ್ಳೆಯೂ ಬಂತು. ಸಿಳ್ಳೆ ಯಾರು ಬೇಕಾದರೂ ಹಾಕಬಹುದು. ಆ ಸಾಲನ್ನು ಅಲ್ಲೇ ಹಾರಿಸುವವರು ಭೂಮಿಯ ಮೇಲೆ ಇಬ್ಬರೇ. ನಾನು ತಿರುಗಿ ನೋಡಲಿಲ್ಲ, ನೋಡಿದರೆ ಏನೋ ಒಂದು ನೆಪ ಹೇಳಿ ಜಾರಿಕೊಳ್ಳುತ್ತೀಯ ಎಂದು. ಬರುವ ತಿಂಗಳು ನಿನಗೆ ತಡವಾದರೂ ಪರವಾಗಿಲ್ಲ. ನೀಲಿ ಶಾಲು ಇನ್ನೂ ಇದೆ.