ಕೈ ಎತ್ತಿದ್ದು ಅದಕ್ಕಲ್ಲ

ಮಾರ್ಚ್ ೯, ಭಾನುವಾರ

ನನ್ನ ಬಲಗೈ ನೋಡಿದರೆ ನನಗೇ ಸಿಟ್ಟು ಬರುತ್ತಿದೆ.

ದೇಶದ ಓಟಗಾರರ ಸಂಘದ ಮಹಾಸಭೆಗೆ ನಮ್ಮ ಕ್ಲಬ್ಬಿನ ಪರವಾಗಿ ಹೋಗಿದ್ದೆ. ನಮ್ಮ ತಂಡದ ಹುಡುಗಿಯರು ಹೇಳಿ ಕಳಿಸಿದ್ದು ಒಂದೇ ಮಾತು: ಮೈದಾನದಲ್ಲಿ ಬಟ್ಟೆ ಬದಲಿಸಲು ಒಂದು ಕೋಣೆ ಬೇಕು. ಈಗ ನಾನೇ ಬೆಡ್‌ಶೀಟ್ ಅಡ್ಡ ಹಿಡಿದು ನಿಲ್ಲುತ್ತೇನೆ. ಗಾಳಿ ಬೀಸಿದರೆ ಪಾಪ, ಮಕ್ಕಳು ಮುದುಡಿಕೊಂಡು ಕೂತುಬಿಡುತ್ತವೆ.

ವೇದಿಕೆಯ ತುಂಬ ಕೋಟಿನವರು. ಅಧ್ಯಕ್ಷರು ಮಾತಿಗೊಮ್ಮೆ "ನಿಮ್ಮೆಲ್ಲರ ಪರವಾಗಿ" ಅನ್ನುತ್ತಿದ್ದರು. ಅವರ ಭಾಷಣ ಮುಗಿದದ್ದೇ ತಡ, ಮಾತಾಡಲು ಕೈ ಎತ್ತಿದೆ. ಅದೇ ಗಳಿಗೆಗೆ ಕಾರ್ಯದರ್ಶಿ, "ಇವರೇ ಅಧ್ಯಕ್ಷರಾಗಿ ಮುಂದುವರೀಲಿ ಅನ್ನೋರು ಕೈ ಎತ್ತಿ" ಅಂದರು. ನನ್ನನ್ನು ಕಂಡು, "ನೋಡಿ, ಅಮ್ಮ ಆಗ್ಲೇ ಎತ್ತಿಬಿಟ್ಟಿದ್ದಾರೆ!" ಎಂದು ನಕ್ಕರು. ಎಲ್ಲರೂ ನಕ್ಕರು, ಎಲ್ಲರ ಕೈಯೂ ಎದ್ದಿತು. ಚಪ್ಪಾಳೆ ಹೊಡೆದು ಊಟಕ್ಕೆ ನಡೆದರು.

ಬಾಗಿಲಲ್ಲಿ ಕಾರ್ಯದರ್ಶಿಯನ್ನು ತಡೆದು, "ನಾನು ಕೈ ಎತ್ತಿದ್ದು ಅದಕ್ಕಲ್ಲ ಸಾರ್" ಅಂದೆ.

"ಇರ್ಲಿ ಬಿಡಿ ತಾಯಿ, ಒಳ್ಳೇದಕ್ಕೇ ಎತ್ತಿದ್ದೀರಿ. ಊಟ ಮಾಡ್ಕೊಂಡು ಹೋಗಿ."

ಮನೆಗೆ ಬರುವಷ್ಟರಲ್ಲಿ ನಮ್ಮ ಗುಬ್ಬಿಯ ಫೋನು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. "ಆಂಟಿ, ಕೇಳಿದ್ರಾ? ಏನಂದ್ರು?"

"ನಾಳೆ ಹೇಳ್ತೀನಿ ಕಣೇ" ಅಂದೆ.

ಈಗ ದೇವರ ಮುಂದೆ ಕೈ ಎತ್ತಿ ಮುಗಿದೆ. ಬೇಡಿಕೊಳ್ಳುವ ಕೈ ಯಾವುದು, ಒಪ್ಪಿಕೊಳ್ಳುವ ಕೈ ಯಾವುದು ಎಂದು ನಿನಗಾದರೂ ಗೊತ್ತಾಗುತ್ತದಲ್ಲ ತಂದೆ.

ಕಣ್ಣು ಎಳೆಯುತ್ತಿದೆ. ಬೆಡ್‌ಶೀಟ್ ಒಗೆದು ಹಾಕಿದ್ದೇನೆ. ಬೆಳಗ್ಗೆ ಅಭ್ಯಾಸಕ್ಕೆ ಹೋಗುವಷ್ಟರಲ್ಲಿ ಒಣಗುತ್ತದೋ ಇಲ್ಲವೋ